ಸೀಟಿ ಒಂದೇ, ಕಿವಿ ಹದಿನಾಲ್ಕು: ಸಿರೋಟೋನಿನ್ ಮತ್ತು ಹೆದರಿದ ಪ್ರಾಣಿಗಳ ಕತೆ

(ಮೊನ್ನೆ ಶನಿವಾರ ಸಂಜೆ ಕಾರವಾರದಲ್ಲಿ ಮಾತಾಡಿದ್ದನ್ನ ಬರೆದು ಹಾಕಿ ಅಂತ ನಾಲ್ಕೈದು ಜನ ಕೇಳಿದ್ರು. ಮಾತು ಹ್ಯಾಂಗಿತ್ತೋ ಹಾಂಗೇ ಇಟ್ಟಿದ್ದೇನೆ. ಸ್ಲೈಡ್ ನೋಡದೇ ಇದ್ದವರಿಗೆ ಅರ್ಥ ಆಗ್ಲಿ ಅಂತ ಅಲ್ಲಲ್ಲಿ ಎರಡು ವಾಕ್ಯ ಸೇರಿಸಿದ್ದೇನೆ, ಮೈಕು ಕೂಗಿದ ಜಾಗ ತೆಗೆದಿದ್ದೇನೆ, ಅಷ್ಟೇ.)

ಎಲ್ಲರಿಗೂ ನಮಸ್ಕಾರ. ಹೊರಗೆ ಪೋಸ್ಟರ್ ಹತ್ರ ನಿಂತಿದ್ದಾಗ ಒಬ್ಬ ಕಾಲೇಜು ಹುಡುಗ ಬಂದು ಕೇಳಿದ, "ಸರ್, ಸಿರೋಟೋನಿನ್ ಅಂದ್ರೆ ಖುಷಿ ಹಾರ್ಮೋನು ಅಲ್ಲವಾ, ಅದು ಸ್ಟ್ರೆಸ್ ಹಾರ್ಮೋನನ್ನ ಕಮ್ಮಿ ಮಾಡ್ಬೇಕು, ನೀವು ಪೋಸ್ಟರಲ್ಲಿ ಏರಿಸ್ತದೆ ಅಂತ ಹಾಕಿದ್ದೀರಿ, ಪ್ರಿಂಟ್ ತಪ್ಪಾಗಿದ್ಯಾ" ಅಂತ. ಪ್ರಿಂಟ್ ತಪ್ಪಾಗಿಲ್ಲ ಮಾರಾಯಾ. ಇವತ್ತಿನ ಮಾತು ಪೂರ್ತಿ ಆ ಒಂದು ಪ್ರಶ್ನೆ ಮೇಲೇ ನಿಂತದೆ, ಆ ಹುಡುಗ ಮುಂದಿನ ಸಾಲಲ್ಲೇ ಕೂತಿದ್ದಾನೆ, ಒಳ್ಳೇದು.

ಮೊದಲು ಬಸ್ಸಿನ ವಿಷಯ ಹೇಳ್ತೇನೆ. ನಾನು ಶಿರಸಿ ಕಡೆಯವನು, ಇವತ್ತು ಬೆಳಿಗ್ಗೆ ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಬಂದೆ. ಕುಮಟಾ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಹೊಡೆದ. ಡ್ರೈವರ್ ಗೇರ್ ಹಾಕಿದ. ಅದೇ ಸೀಟಿ ಕೇಳಿ ಹೊರಗೆ ಚಹಾ ಕುಡೀತಿದ್ದ ಇಬ್ರು ಗ್ಲಾಸು ಅಲ್ಲೇ ಇಟ್ಟು ಓಡಿ ಬಂದ್ರು. ನನ್ನ ಪಕ್ಕದಲ್ಲಿ ನಿದ್ದೆ ಮಾಡ್ತಿದ್ದ ಅಜ್ಜ ಕಣ್ಣೂ ಬಿಡ್ಲಿಲ್ಲ. ಚಹಾ ಅಂಗಡಿಯವನಿಗೆ ಮಾತ್ರ ಸಿಟ್ಟು ಬಂತು, ಅವರು ದುಡ್ಡು ಕೊಟ್ಟಿರ್ಲಿಲ್ಲ ಕಾಣ್ತದೆ. ಸೀಟಿ ಒಂದೇ, ಗಾಳಿ ಒಂದೇ, ಸದ್ದು ಒಂದೇ. ಹಾಂಗಾದ್ರೆ ಆ ಸೀಟಿಯ ಅರ್ಥ ಎಂತದು, ಹೊರಡು ಅಂತಲಾ, ಓಡು ಅಂತಲಾ, ಸಿಟ್ಟು ಮಾಡ್ಕೋ ಅಂತಲಾ? ಸೀಟಿಗೆ ಅರ್ಥ ಇಲ್ಲ, ಅರ್ಥ ಇರೋದು ಕೇಳೋ ಕಿವಿಯಲ್ಲಿ. ಸಿರೋಟೋನಿನ್ ಅಂದ್ರೆ ಆ ಸೀಟಿ. ರಿಸೆಪ್ಟರ್ ಅಂದ್ರೆ ಕಿವಿ, ಕೋಶದ ಮೈಮೇಲೆ ಸಿರೋಟೋನಿನ್ನನ್ನ ಹಿಡಿಯೋ ಜಾಗ.

ಈ ರಿಸೆಪ್ಟರಿಗೆ ನಮ್ಮ ಪಠ್ಯಪುಸ್ತಕದಲ್ಲಿ ಗ್ರಾಹಕ ಅಂತ ಬರೀತಾರೆ, ನಂಗೆ ಅದನ್ನ ಓದಿದಾಗೆಲ್ಲ ಸೊಸೈಟಿ ಅಂಗಡಿ ಮುಂದೆ ಸಕ್ಕರೆಗೆ ಕ್ಯೂ ನಿಂತವರೇ ಕಣ್ಮುಂದೆ ಬರ್ತಾರೆ, ಹಾಂಗಾಗಿ ರಿಸೆಪ್ಟರ್ ಅಂತಲೇ ಹೇಳ್ತೇನೆ, ಕನ್ನಡ ಮಾಸ್ತರು ಯಾರಾದ್ರೂ ಇದ್ರೆ ಬೇಜಾರಾಗ್ಬೇಡಿ. ಸಸ್ತನಿಗಳಲ್ಲಿ ಸಿರೋಟೋನಿನ್ನಿಗೆ 7 ಕುಟುಂಬದ ಒಟ್ಟು 14 ಬಗೆಯ ರಿಸೆಪ್ಟರ್ ಇವೆ. ಸಿರೋಟೋನಿನ್ನಿನ ರಾಸಾಯನಿಕ ಹೆಸರು ಚಿಕ್ಕದು ಮಾಡಿದ್ರೆ 5-ಎಚ್‌ಟಿ, ಅದಕ್ಕೆ ರಿಸೆಪ್ಟರುಗಳ ಹೆಸರು 5-ಎಚ್‌ಟಿ1ಎ, 2ಎ, 2ಸಿ, 3, 4 ಹೀಂಗೆ ಹೋಗ್ತದೆ. ಹದಿನಾಲ್ಕನ್ನೂ ಹೇಳೋದಿಲ್ಲ, ಹೆದರ್ಬೇಡಿ. ನಮ್ಮ ಕತೆಗೆ ಬೇಕಾದ್ದು ನಾಲ್ಕೈದು.

ಇನ್ನು ಈ ಸೀಟಿ ಸಿಕ್ಕಿದ್ದು ಹ್ಯಾಂಗೆ ಅನ್ನೋದು ಸ್ವಲ್ಪ ಮಜಾ ಇದೆ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮಾರಿಸ್ ರಾಪೋರ್ಟ್, ಆರ್ಡಾ ಗ್ರೀನ್, ಅರ್ವಿನ್ ಪೇಜ್ ಅನ್ನೋ ಮೂವರು ದನದ ರಕ್ತದ ಸೀರಮ್ಮಿಂದ ಇದನ್ನ ಬೇರೆ ಮಾಡಿದ್ರು. ಅವರು ಹುಡುಕ್ತಿದ್ದದ್ದು ಖುಷಿಯನ್ನಲ್ಲ, ಬ್ಲಡ್ ಪ್ರೆಶರ್ ವಿಷಯ. ರಕ್ತನಾಳವನ್ನ ಬಿಗಿ ಮಾಡೋ ವಸ್ತು ಯಾವ್ದು ಅಂತ ನೋಡ್ತಿದ್ರು, ಸೀರಮ್ಮಲ್ಲಿದ್ದು ಟೋನ್ ಕೊಡ್ತದೆ ಅಂತ ಸಿರೋಟೋನಿನ್ ಅಂದ್ರು. ಅದಕ್ಕೂ ಮೊದಲೇ ಇಟಲಿಯ ವಿಟ್ಟೋರಿಯೋ ಎರ್ಸ್ಪಾಮರ್ ಅನ್ನೋರು ಕರುಳಲ್ಲಿ ಇದನ್ನೇ ಕಂಡು ಬೇರೆ ಹೆಸರಿಟ್ಟಿದ್ರು, ಎಂಟರಮಿನ್ ಅಂತ. ಎರಡೂ ಒಂದೇ ಅಂತ ಆಮೇಲೆ ಗೊತ್ತಾಯ್ತು. ಇವತ್ತಿಗೂ ಮೈಯಲ್ಲಿರೋ ಸಿರೋಟೋನಿನ್ನಿನ ನೂರಕ್ಕೆ 90ಕ್ಕಿಂತ ಜಾಸ್ತಿ ಪಾಲು ಇರೋದು ಹೊಟ್ಟೆ, ಕರುಳಲ್ಲಿ, ಮೆದುಳಲ್ಲಿ ಅಲ್ಲ.

ಮೆದುಳಲ್ಲೂ ಇದೆ ಅಂತ ತೋರಿಸಿದ್ದು ಬೆಟ್ಟಿ ಟ್ವಾರೋಗ್ ಅನ್ನೋ ಹೆಣ್ಣುಮಗಳು, 1953ರಲ್ಲಿ, ಪೇಜ್ ಅವರ ಲ್ಯಾಬಿನಲ್ಲೇ. ಆಕೆ ಅಲ್ಲಿಗೆ ಬರೋ ಮೊದಲು ಕೆಲಸ ಮಾಡಿದ್ದು ಎಂತದ್ರ ಮೇಲೆ ಗೊತ್ತಾ, ಸಮುದ್ರದ ಬಂಡೆಗೆ ಅಂಟ್ಕೊಂಡಿರೋ ಚಿಪ್ಪಿನ ಪ್ರಾಣಿ ಮೇಲೆ, ನಮ್ಮ ಅಘನಾಶಿನಿಯಲ್ಲಿ ಬುಟ್ಟಿಗಟ್ಟಲೆ ತೆಗೀತಾರಲ್ಲ ಬಳಚು, ಅದರ ದೂರದ ನೆಂಟ. ಆ ಪ್ರಾಣಿ ಚಿಪ್ಪನ್ನ ಗಟ್ಟಿ ಮುಚ್ಚಿ ಹಿಡ್ಕೊಳ್ತದಲ್ಲ, ಆ ಸ್ನಾಯುವಿನ ಹಿಡಿತ ಸಡಿಲ ಮಾಡೋದು ಸಿರೋಟೋನಿನ್ ಅಂತ ಆಕೆ ಕಂಡ್ಕೊಂಡಿದ್ಲು. ಚಿಪ್ಪಿನೊಳಗಿನ ನರದಲ್ಲಿ ಇದ್ದದ್ದು ಮೆದುಳಲ್ಲಿ ಯಾಕೆ ಇರ್ಬಾರ್ದು ಅಂತ ಹುಡುಕಿದ್ಲು, ಸಿಕ್ತು. ಒಂದು ಕಡೆ ರಕ್ತನಾಳ ಬಿಗಿ, ಇನ್ನೊಂದು ಕಡೆ ಚಿಪ್ಪು ಸಡಿಲ. ಆಗಲೇ ಒಂದು ಸುಳಿವು ಸಿಕ್ಕಿತ್ತು ನೋಡಿ, ಈ ವಸ್ತುವಿಗೆ ಸ್ವಂತ ಸ್ವಭಾವ ಅಂತ ಒಂದಿಲ್ಲ.

ಈಗ ಸ್ಟ್ರೆಸ್ ಹಾರ್ಮೋನು. ಇದನ್ನ ಬೇಗ ಮುಗಿಸ್ತೇನೆ, ಡಾಕ್ಟ್ರುಗಳಿಗೆ ಗೊತ್ತಿದ್ದದ್ದೇ. ಪ್ರಾಣಿ ಹೆದರಿದಾಗ ಮೊದಲು ಬರೋದು ಅಡ್ರಿನಲಿನ್, ಅದು ಸೆಕೆಂಡಿನ ಲೆಕ್ಕ. ಅದರ ಹಿಂದೆ ನಿಧಾನಕ್ಕೆ, ನಿಮಿಷದ ಲೆಕ್ಕದಲ್ಲಿ ಬರೋದು ಇನ್ನೊಂದು. ಮೆದುಳಿನ ಬುಡದಲ್ಲಿ ಹೈಪೊಥಲಾಮಸ್ ಅಂತ ಅದೆ, ಅದರೊಳಗೆ ಪಿವಿಎನ್ ಅನ್ನೋ ಚಿಕ್ಕ ಗುಂಪು ಕೋಶಗಳು. ಅಲ್ಲಿಂದ ಸಿಆರ್‌ಎಚ್ ಅನ್ನೋ ಚೀಟಿ ಹೊರಡ್ತದೆ, ಕೆಳಗಿನ ಪಿಟ್ಯುಟರಿ ಗ್ರಂಥಿ ಅದನ್ನ ಓದಿ ಎಸಿಟಿಎಚ್ ಅನ್ನೋ ಇನ್ನೊಂದು ಚೀಟಿ ರಕ್ತಕ್ಕೆ ಬಿಡ್ತದೆ, ಮೂತ್ರಪಿಂಡದ ಮೇಲೆ ಟೊಪ್ಪಿ ಹಾಂಗೆ ಕೂತಿರೋ ಅಡ್ರಿನಲ್ ಗ್ರಂಥಿ ಅದನ್ನ ನೋಡಿ ಕಾರ್ಟಿಸೋಲ್ ಸುರಿಸ್ತದೆ. ಮನುಷ್ಯ, ದನ, ನಾಯಿ, ಮೀನು ಎಲ್ಲಕ್ಕೂ ಕಾರ್ಟಿಸೋಲ್. ಇಲಿಗೆ ಅದರ ಬದಲು ಅದರ ಅಣ್ಣ ಕಾರ್ಟಿಕೊಸ್ಟಿರೋನ್. ಈ ಸಾಲಿನಲ್ಲಿ ಮೊದಲ ಚೀಟಿ ಸಿಆರ್‌ಎಚ್ ಅಲ್ಲವಾ, ಅದು ಎಂತದು ಅಂತ ಪತ್ತೆ ಆಗಿದ್ದು 1981ರಲ್ಲಿ, ವೈಲಿ ವೇಲ್ ಮತ್ತು ಅವರ ಜೊತೆಯವರಿಂದ. ಅದಕ್ಕೆ ಅವರು ಒಟ್ಟು ಮಾಡಿದ್ದು ಸುಮಾರು 4.9 ಲಕ್ಷ ಕುರಿಗಳ ಹೈಪೊಥಲಾಮಸ್ಸು. ಕೊನೆಗೆ ಸಿಕ್ಕಿದ್ದು 41 ಅಮೈನೋ ಆಸಿಡ್ ಉದ್ದದ ಒಂದು ಸಣ್ಣ ಸರ. ನಾನು ಈ ಸಂಖ್ಯೆ ಮೊದಲ ಸಲ ಓದಿದಾಗ ಅಷ್ಟು ಕುರಿ ತಲೆ ಎಲ್ಲಿ ಇಟ್ಕೊಂಡಿದ್ರು ಅಂತಲೇ ಯೋಚನೆ.

ಕಾರ್ಟಿಸೋಲ್ ಕೆಟ್ಟದ್ದು ಅಂತ ತಿಳ್ಕೋಬೇಡಿ. ಅದು ಇಲ್ದೇ ಹೋದ್ರೆ ಪ್ರಾಣಿ ಬದುಕೋದಿಲ್ಲ. ರಕ್ತಕ್ಕೆ ಸಕ್ಕರೆ ತರ್ತದೆ, ಓಡೋದಕ್ಕೆ ಬೇಕಲ್ಲ. ಕೆಲಸ ಮುಗಿದ ಮೇಲೆ ಅದೇ ಮೆದುಳಿಗೆ ಹೋಗಿ ಸಾಕು ನಿಲ್ಸಿ ಅಂತ ಹೇಳ್ತದೆ. ತೊಂದರೆ ಬರೋದು ಆ ನಿಲ್ಸಿ ಅನ್ನೋದು ಕೇಳಿಸ್ದೇ ಹೋದಾಗ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಇಲಿಗಳಿಗೆ ಬೇರೆ ಬೇರೆ ರೀತಿಯ ಕಷ್ಟ ಕೊಟ್ಟು ನೋಡಿದ್ರು, ಕಷ್ಟ ಯಾವುದೇ ಇರ್ಲಿ, ಅಡ್ರಿನಲ್ ಊದ್ಕೊಂಡಿತ್ತು, ರೋಗ ತಡೆಯೋ ಕೆಲಸದ ಥೈಮಸ್ ಗ್ರಂಥಿ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣು.

ಇಲ್ಲಿ ನನ್ನದೇ ಒಂದು ಮಾನ ಹೋದ ಕತೆ ಹೇಳ್ಬೇಕು. ಸುಮಾರು ವರ್ಷದ ಹಿಂದೆ, ಊರಿಂದ ದೂರದ ಒಂದು ಲ್ಯಾಬಿನಲ್ಲಿ ನಾನು ಹೊಸಬ. ಇಲಿಗಳನ್ನ ಎರಡು ಗುಂಪು ಮಾಡಿ ಒಂದಕ್ಕೆ ಸಿರೋಟೋನಿನ್ ರಿಸೆಪ್ಟರ್ ಒತ್ತೋ ಔಷಧ, ಇನ್ನೊಂದಕ್ಕೆ ಬರೀ ಸಲೈನ್. ಔಷಧದ ಗುಂಪಲ್ಲಿ ಹಾರ್ಮೋನು ಜಾಸ್ತಿ ಬರ್ಬೇಕು. ರಿಸಲ್ಟ್ ಬಂದಾಗ ನೋಡಿದ್ರೆ ಎರಡೂ ಗುಂಪು ಆಕಾಶದಲ್ಲಿ, ಸಲೈನ್ ಕೊಟ್ಟ ಇಲಿಗಳೂ ಔಷಧದವಕ್ಕಿಂತ ಕಮ್ಮಿ ಇಲ್ಲ. ಒಂದು ವಾರ ಕೆಮಿಕಲ್ಲು ಬೈದೆ, ಮೆಶಿನ್ನು ಬೈದೆ. ಆಮೇಲೆ ಅಲ್ಲಿ ಬೋನು ತೊಳೀತಿದ್ದ ಹಿರಿಯರೊಬ್ರು ಹೇಳಿದ್ರು, ನೀವು ಟ್ರಾಲಿಯಲ್ಲಿ ತರ್ತೀರಲ್ಲ, ಅದರ ಒಂದು ಗಾಲಿ ಹಾಳಾಗದೆ, ವರಾಂಡದ ಉದ್ದಕ್ಕೂ ಕಟಕಟ ಅಂತದೆ, ಅಷ್ಟೊತ್ತಿಗೇ ಇಲಿ ಎಲ್ಲ ಮೂಲೆ ಸೇರ್ಕೊಂಡಿರ್ತವೆ ಅಂತ. ಅಂದ್ರೆ ನಾನು ಸೂಜಿ ಹಿಡಿಯೋ ಮೊದಲೇ ಅವುಗಳ ಸ್ಟ್ರೆಸ್ ಹಾರ್ಮೋನು ಮೇಲೆ ಹೋಗಿ ಕೂತಿತ್ತು. ಪ್ರಾಣಿಯನ್ನ ಮುಟ್ಟಿದ 3 ನಿಮಿಷದೊಳಗೆ ರಕ್ತ ತೆಗೀಬೇಕು, ಇಲ್ದಿದ್ರೆ ನೀವು ಅಳೀತಿರೋದು ನಿಮ್ಮನ್ನೇ ಅಂತ ಆವತ್ತು ಕಲಿತದ್ದು. ಕಾಡು ಪ್ರಾಣಿ ಕೆಲಸ ಮಾಡೋರು ಅದಕ್ಕೇ ರಕ್ತದ ಗೊಡವೆಗೇ ಹೋಗೋದಿಲ್ಲ, ಲದ್ದಿ ನೋಡ್ತಾರೆ. ಬೆಂಗಳೂರಿನ ಐಐಎಸ್ಸಿಯವರು ಬಂಡೀಪುರ, ಮುದುಮಲೈ ಆನೆಗಳ ಲದ್ದಿಯಲ್ಲಿ ಈ ಹಾರ್ಮೋನಿನ ಚೂರು ಅಳೆದು, ಬೇಸಿಗೆಯಲ್ಲಿ ಎಲುಬು ಕಾಣೋ ಹಾಂಗೆ ಸೊರಗಿದ ಆನೆಗಳಲ್ಲಿ ಅದು ಜಾಸ್ತಿ ಅಂತ ತೋರಿಸಿದ್ದಾರೆ. ದಾಂಡೇಲಿ ಹಳಿಯಾಳ ಕಡೆ ಆನೆ ಬಂದಾಗ ಲದ್ದಿ ಕಂಡ್ರೆ ನೆನಪು ಮಾಡ್ಕೊಳ್ಳಿ, ಅದರಲ್ಲಿ ಆ ಆನೆಯ ಹಿಂದಿನ ಒಂದೆರಡು ದಿನದ ಡೈರಿ ಅದೆ.

ಸರಿ, ಈಗ ಸೀಟಿ ಮತ್ತು ಸ್ಟ್ರೆಸ್ ಎರಡೂ ಸೇರೋ ಜಾಗಕ್ಕೆ ಬರೋಣ. ಮೆದುಳ ಕಾಂಡದ ನಡುಗೆರೆಯಲ್ಲಿ ರಾಫೆ ಅಂತ ಒಂದಷ್ಟು ಗಂಟುಗಳಿವೆ. ಮೆದುಳಿನ ಸಿರೋಟೋನಿನ್ ಮಾಡೋರು ಅಲ್ಲಿದ್ದಾರೆ. ಮನುಷ್ಯನ ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶ, ಅದರಲ್ಲಿ ಇವರು ಬರೀ ಕೆಲವು ಲಕ್ಷ. ಆದ್ರೆ ಇವರ ಎಳೆ ಹೋಗದ ಮೂಲೆ ಇಲ್ಲ, ಅಡಿಕೆ ತೋಟದ ಹರಣಿ ಹಾಂಗೆ ಎಲ್ಲ ಬುಡಕ್ಕೂ ನೀರು ಹೋಗ್ತದೆ. ಪಿವಿಎನ್‌ಗೂ ಹೋಗ್ತದೆ. ಅಲ್ಲಿ ಸಿಆರ್‌ಎಚ್ ಮಾಡೋ ಕೋಶದ ಮೈಮೇಲೇ 2ಸಿ ರಿಸೆಪ್ಟರ್ ಕೂತದೆ. ಈ 2ಎ, 2ಸಿ ಎಲ್ಲ ಕೋಶವನ್ನ ಎಬ್ಬಿಸೋ ಜಾತಿಯವು, ಒಳಗೆ ಕ್ಯಾಲ್ಸಿಯಂ ಏರಿಸ್ತವೆ. ಡಿಓಐ ಅನ್ನೋ ಔಷಧ ಈ ಗುಂಪನ್ನ ಒತ್ತುತ್ತದೆ, ಇಲಿಗೆ ಕೊಟ್ರೆ ಎಸಿಟಿಎಚ್, ಕಾರ್ಟಿಕೊಸ್ಟಿರೋನ್ ಎರಡೂ ಏರ್ತವೆ. 2ಸಿ ಜೀನನ್ನೇ ತೆಗೆದು ಹಾಕಿದ ಸುಂಡಿಲಿಗಳಲ್ಲಿ, ಸಿರೋಟೋನಿನ್ ಹೆಚ್ಚಿಸೋ ಔಷಧ ಕೊಟ್ರೂ ಈ ಏರಿಕೆ ಮಂಕು. ಲೋರಾ ಹೈಸ್ಲರ್ ಮತ್ತು ಜೊತೆಯವರು 2007ರಲ್ಲಿ ತೋರಿಸಿದ್ದು ಇದನ್ನೇ. ಹಾಂಗಾಗಿ ಪೋಸ್ಟರಿನ ವಾಕ್ಯ ಸರಿ, ಆ ಖುಷಿ ಹಾರ್ಮೋನು ನೇರ ಹೋಗಿ ಸ್ಟ್ರೆಸ್ ಸೈರನ್ನಿನ ಗುಂಡಿ ಒತ್ತುತ್ತದೆ.

ಅಂದ ಹಾಗೆ ಈ ಸಿರೋಟೋನಿನ್ ಹೆಚ್ಚಿಸೋ ಔಷಧಗಳಲ್ಲಿ ಒಂದು ಫೆನ್‌ಫ್ಲುರಮಿನ್. ಲ್ಯಾಬಲ್ಲಿ ಅದನ್ನ ಕೊಟ್ಟು ಕಾರ್ಟಿಸೋಲ್ ಎಷ್ಟು ಏರ್ತದೆ ಅಂತ ನೋಡೋ ಟೆಸ್ಟೇ ಇತ್ತು. ಹೊರಗೆ ಅಮೆರಿಕದಲ್ಲಿ ಅದೇ ತೂಕ ಇಳಿಸೋ ಮಾತ್ರೆ, ಹಸಿವು ಕಮ್ಮಿ ಮಾಡ್ತಿತ್ತು, ಅದೂ 2ಸಿ ಕಿವಿಯ ಕೆಲಸವೇ. 1997ರಲ್ಲಿ ಮಾರ್ಕೆಟ್ಟಿಂದ ತೆಗೆದ್ರು, ಯಾಕಂದ್ರೆ ಹೃದಯದ ಕವಾಟದ ಮೇಲೆ 2ಬಿ ಅಂತ ಇನ್ನೊಂದು ಕಿವಿ ಇತ್ತು, ಅದೂ ಕೇಳಿಸ್ಕೊಂಡಿತ್ತು, ಕವಾಟ ದಪ್ಪ ಆಯ್ತು. 2ಬಿ, 2ಸಿ, ಒಂದೇ ಅಕ್ಷರ ಆಚೀಚೆ.

1ಎ ರಿಸೆಪ್ಟರ್ ಇನ್ನೂ ವಿಚಿತ್ರ. ನಂಗೆ ಇಷ್ಟದ್ದು ಅದೇ, ಸ್ವಲ್ಪ ನಿಧಾನ ಹೇಳ್ತೇನೆ. ಇದು ಎಬ್ಬಿಸೋ ಜಾತಿ ಅಲ್ಲ, ಮಲಗಿಸೋ ಜಾತಿ. ರಾಫೆಯಲ್ಲಿ ಸಿರೋಟೋನಿನ್ ಮಾಡೋ ಕೋಶದ ಮೇಲೇ ಇದು ಇರ್ತದೆ, ತನ್ನ ಸೀಟಿ ತಾನೇ ಕೇಳಿ ಸಾಕು ಕಮ್ಮಿ ಮಾಡು ಅಂತ ಹೇಳ್ಕೊಳ್ಳೋ ಬ್ರೇಕು. ಹಾಂಗಾದ್ರೆ 1ಎ ಒತ್ತಿದ್ರೆ ಸಿರೋಟೋನಿನ್ ಕಮ್ಮಿ ಆಗಿ ಸ್ಟ್ರೆಸ್ ಹಾರ್ಮೋನೂ ಇಳೀಬೇಕಲ್ಲ? 8-ಓಎಚ್-ಡಿಪಿಎಟಿ ಅಂತ ಒಂದು ಔಷಧ, 1ಎ ಒತ್ತೋದಕ್ಕೆ ಲ್ಯಾಬಿನವರ ಬಲಗೈ. ಅದನ್ನ ಇಲಿಗೆ ಕೊಟ್ರೆ ಹಾರ್ಮೋನು ಇಳಿಯೋದಿಲ್ಲ, ಏರ್ತದೆ. ಬ್ರೇಕು ಒತ್ತಿದ್ರೆ ಗಾಡಿ ಜೋರು ಹೋಗ್ತದೆ ಅಂದಾಂಗೆ ಆಯ್ತು. ಅದಕ್ಕೆ ಒಂದು ಚೆಂದದ ಪ್ರಯೋಗ ಮಾಡಿದ್ರು, ಮೆದುಳಿನ ಸಿರೋಟೋನಿನ್ ಎಳೆಗಳನ್ನೇ ವಿಷ ಹಾಕಿ ಸಾಯಿಸಿ ಆಮೇಲೆ ಔಷಧ ಕೊಟ್ರು. ಬ್ರೇಕಿನ ಕೋಶವೇ ಇಲ್ಲ ಈಗ. ಆದ್ರೂ ಹಾರ್ಮೋನು ಏರ್ತು. ಅಂದ್ರೆ ಈ ಏರಿಕೆ ಮಾಡ್ತಿರೋದು ರಾಫೆಯ 1ಎ ಅಲ್ಲ, ಸೀಟಿ ಕೇಳೋ ಈಚೆ ದಡದಲ್ಲಿರೋ 1ಎ. ಅದೇ ಕಿವಿ, ಬೇರೆ ಮನೆ, ಬೇರೆ ಕೆಲಸ. ಕಾಳಿ ನದಿಗೆ ಕೋಡಿಬಾಗದಲ್ಲಿ ನಿಂತು ನೋಡೋದಕ್ಕೂ ಸದಾಶಿವಗಡದಲ್ಲಿ ನಿಂತು ನೋಡೋದಕ್ಕೂ ಸೂರ್ಯ ಒಂದೇ, ಆದ್ರೆ ನೆರಳು ಬೀಳೋದು ಬೇರೆ ಕಡೆ.

(ಇಲ್ಲಿ ಒಬ್ರು ಎದ್ದು, "ಇದೆಲ್ಲ ಇಲಿದಾಯ್ತು, ಕಾರವಾರಕ್ಕೆ ಬಂದು ಮೀನಿನ ಬಗ್ಗೆ ಹೇಳ್ದೇ ಹೋಗ್ತೀರಾ" ಅಂದ್ರು, ಸಭೆ ಪೂರ್ತಿ ನಕ್ಕಿತು.)

ಹೇಳ್ತೇನೆ, ಮೀನಿನ ಕತೆಯೇ ಗಟ್ಟಿ. ಉತ್ತರ ಧ್ರುವದ ಕಡೆಯ ತಣ್ಣೀರಲ್ಲಿ ಆರ್ಕ್ಟಿಕ್ ಚಾರ್ ಅಂತ ಒಂದು ಮೀನಿದೆ. 2002ರಲ್ಲಿ ಹೋಗ್ಲುಂಡ್, ವಿನ್‌ಬರ್ಗ್ ಮತ್ತು ಜೊತೆಯವರು ಅದಕ್ಕೆ ಇದೇ 8-ಓಎಚ್-ಡಿಪಿಎಟಿ ಕೊಟ್ಟು ನೋಡಿದ್ರು. ಆರಾಮಾಗಿದ್ದ ಮೀನಿಗೆ ಕೊಟ್ರೆ ಕಾರ್ಟಿಸೋಲ್ ಏರ್ತು. ಮೊದಲೇ ಗಾಬರಿಯಾದ ಮೀನಿಗೆ ಕೊಟ್ರೆ ಇಳೀತು. ಅದೇ ಔಷಧ, ಅದೇ ರಿಸೆಪ್ಟರ್, ಅದೇ ಜಾತಿ ಮೀನು, ಉಲ್ಟಾ ಉತ್ತರ. ಈ ಫಲಿತಾಂಶ ನೋಡಿದ ಮೇಲೆ ಸಿರೋಟೋನಿನ್ ಸ್ಟ್ರೆಸ್ ಹೆಚ್ಚಿಸ್ತದೋ ಕಮ್ಮಿ ಮಾಡ್ತದೋ ಅಂತ ಒಂದು ಗೆರೆಯಲ್ಲಿ ಕೇಳೋ ಪ್ರಶ್ನೆಯ ಮೇಲೇ ನಂಗೆ ನಂಬಿಕೆ ಹೋಯ್ತು. ಯಾವ ಕಿವಿ, ಯಾವ ಜಾಗ, ಯಾವ ಹೊತ್ತು, ಪ್ರಾಣಿ ಅಷ್ಟೊತ್ತಿಗೆ ಯಾವ ಸ್ಥಿತಿಯಲ್ಲಿತ್ತು, ಇಷ್ಟು ಕೇಳ್ದೇ ಉತ್ತರ ಇಲ್ಲ.

ಇನ್ನೊಂದು, ರೇನ್‌ಬೋ ಟ್ರೌಟ್. ಎರಡು ಮೀನನ್ನ ಒಂದು ತೊಟ್ಟಿಯಲ್ಲಿ ಬಿಟ್ರೆ ಒಂದು ಗೌಡ ಆಗ್ತದೆ, ಇನ್ನೊಂದು ಮೂಲೆ ಸೇರ್ತದೆ. ಮೂಲೆ ಸೇರಿದ್ದರ ಮೈ ಕಪ್ಪಾಗ್ತದೆ, ಊಟ ಬಿಡ್ತದೆ, ಕಾರ್ಟಿಸೋಲ್ ಮೇಲೆ, ಮೆದುಳಲ್ಲಿ ಸಿರೋಟೋನಿನ್ ಓಡಾಟವೂ ಮೇಲೆ. ಸೋತ ಮೀನಲ್ಲಿ ಖುಷಿ ಹಾರ್ಮೋನು ಜಾಸ್ತಿ, ನೋಡಿ! ಅದೇ ಟ್ರೌಟಿಗೆ ಮೇವಿನಲ್ಲಿ ಟ್ರಿಪ್ಟೊಫ್ಯಾನ್ ಜಾಸ್ತಿ ಹಾಕಿ 7 ದಿನ ತಿನ್ಸಿದ್ರೆ, ಆಮೇಲೆ ಗಾಬರಿ ಮಾಡಿದಾಗ ಕಾರ್ಟಿಸೋಲ್ ಅಷ್ಟು ಏರೋದಿಲ್ಲ. ಟ್ರಿಪ್ಟೊಫ್ಯಾನ್ ಅಂದ್ರೆ ಸಿರೋಟೋನಿನ್ ಮಾಡೋ ಕಚ್ಚಾ ಮಾಲು. ಗಾಬರಿ ಹೊತ್ತಲ್ಲಿ ತಕ್ಷಣಕ್ಕೆ ಬಂದ ಸಿರೋಟೋನಿನ್ ಬೇರೆ, ವಾರಗಟ್ಟಲೆ ಮೆಲ್ಲಗೆ ಏರಿದ್ದು ಬೇರೆ. ಇಲ್ಲಿ ಸಮುದ್ರದಲ್ಲಿ ಪಂಜರ ಕಟ್ಟಿ ಕೊಬಿಯಾ, ಕುರಡೆ ಸಾಕೋ ಕೆಲಸ ಸಮುದ್ರ ಮೀನಿನ ಸಂಶೋಧನೆ ಮಾಡೋ ಸಿಎಂಎಫ್‌ಆರ್‌ಐನವರು ಕಾರವಾರದಲ್ಲೇ ಮಾಡಿದ್ದಾರೆ, ನಿಮ್ಗೆ ಗೊತ್ತು. ಪಂಜರದೊಳಗೆ ಗಿಚ್ಚಿ ತುಂಬಿದ್ರೆ ದೊಡ್ಡದು ಸಣ್ಣದನ್ನ ಅಟ್ಟಾಡಿಸ್ತದೆ, ಅಟ್ಟಾಡಿಸ್ಕೊಂಡದ್ದು ತಿನ್ನೋದಿಲ್ಲ, ಬೆಳೆಯೋದಿಲ್ಲ, ರೋಗ ಮೊದಲು ಬರೋದೂ ಅದಕ್ಕೇ. ಅದಕ್ಕೇ ಗಾತ್ರ ನೋಡಿ ವಿಂಗಡಿಸಿ ಬೇರೆ ಪಂಜರಕ್ಕೆ ಹಾಕೋದು. ಟ್ರೌಟಿನ ಲೆಕ್ಕವನ್ನ ಹಾಂಗೇ ತಂದು ಕುರಡೆಗೆ ಹಚ್ಚಬೇಡಿ ಮತ್ತೆ, ಮೇವಿಗೆ ಟ್ರಿಪ್ಟೊಫ್ಯಾನ್ ಸುರೀಬೇಡಿ ಅಂತ ಮುಂಚೇ ಹೇಳಿಬಿಡ್ತೇನೆ.

ಮತ್ತೆ ಬಾಳೆಹಣ್ಣು. ಯಾವಾಗ್ಲೂ ಯಾರಾದ್ರೂ ಕೇಳ್ತಾರೆ, ಬಾಳೆಹಣ್ಣಲ್ಲಿ ಸಿರೋಟೋನಿನ್ ಇದೆಯಂತೆ, ದಿನಾ ತಿಂದ್ರೆ ಟೆನ್ಶನ್ ಹೋಗ್ತದಾ ಅಂತ. ಇದೆ, ಹೌದು. ಆದ್ರೆ ಹೊಟ್ಟೆಗೆ ಹೋದ ಸಿರೋಟೋನಿನ್ ರಕ್ತದಿಂದ ಮೆದುಳಿಗೆ ದಾಟೋದಿಲ್ಲ, ನಡುವೆ ಗೋಡೆ ಇದೆ. ದಾಟೋದು ಟ್ರಿಪ್ಟೊಫ್ಯಾನ್. ಬಾಳೆಹಣ್ಣು ತಿನ್ನಿ, ತೋಟದವನಾಗಿ ನಾನು ಬೇಡ ಅಂತೇನಾ, ರುಚಿಗೆ ತಿನ್ನಿ.

ಮೆದುಳನ್ನೇ ಬಿಟ್ಟು ಹೋಗೋ ದಾರಿಯೂ ಒಂದಿದೆ, ಎರಡು ಮಾತಲ್ಲಿ ಹೇಳಿ ಬಿಡ್ತೇನೆ. ಕಪ್ಪೆಯಲ್ಲೂ ಮನುಷ್ಯನಲ್ಲೂ ಅಡ್ರಿನಲ್ ಗ್ರಂಥಿ ಒಳಗೇ ಸಿರೋಟೋನಿನ್ ಇಟ್ಕೊಂಡಿರೋ ಕೋಶಗಳಿವೆ, ಅವು ಪಕ್ಕದ ಮನೆಗೆ ಕೂಗಿ ಹೇಳಿದ ಹಾಂಗೆ 4 ನಂಬರ್ ರಿಸೆಪ್ಟರ್ ಮೂಲಕ ಹಾರ್ಮೋನು ಬಿಡಿಸ್ತವೆ. ಮೇಲಿನ ಆಫೀಸಿನ ಚೀಟಿಗೆ ಕಾಯೋದಿಲ್ಲ.

ಈಗ ಅಮ್ಮಂದಿರ ವಿಷಯ. ಇದು ಮಾಂಟ್ರಿಯಲ್ಲಿನ ಮೆಕ್‌ಗಿಲ್ ಯೂನಿವರ್ಸಿಟಿಯಲ್ಲಿ ಮೈಕಲ್ ಮೀನಿ ಮತ್ತು ಅವರ ಗುಂಪು ವರ್ಷಗಟ್ಟಲೆ ಮಾಡಿದ್ದು. ಇಲಿ ತಾಯಂದಿರಲ್ಲಿ ಎರಡು ಥರ. ಕೆಲವು ಮರಿಯನ್ನ ಒಂದೇ ಸಮ ನೆಕ್ತಾ ಇರ್ತವೆ, ಕೆಲವಕ್ಕೆ ಅಷ್ಟೇನೂ ಇಲ್ಲ. ಜಾಸ್ತಿ ನೆಕ್ಕಿಸ್ಕೊಂಡ ಮರಿಗಳು ದೊಡ್ಡವಾದ ಮೇಲೆ ಗಾಬರಿ ಮಾಡಿದ್ರೆ ಹಾರ್ಮೋನು ಕಮ್ಮಿ ಏರ್ತದೆ, ಬೇಗ ಇಳೀತದೆ. ರಕ್ತದಲ್ಲೇ ಬಂದಿದ್ದಿರ್ಬೋದು ಅಂತ ನೀವು ಹೇಳ್ತೀರಿ, ಅವರೂ ಹಾಂಗೇ ಯೋಚಿಸಿ ಹುಟ್ಟಿದ ಕೂಡ್ಲೇ ಮರಿಗಳನ್ನ ಅದಲು ಬದಲು ಮಾಡಿದ್ರು. ಹೆತ್ತವಳ ಹಾಂಗೆ ಆಗ್ಲಿಲ್ಲ, ನೆಕ್ಕಿ ಸಾಕಿದವಳ ಹಾಂಗೆ ಆದ್ವು. ದಾರಿ ಯಾವುದು ಅಂತ ಹೋಗಿ ನೋಡಿದ್ರೆ ಮತ್ತೆ ನಮ್ಮ ಸೀಟಿಯವನೇ. ನೆಕ್ಕಿದಾಗ ಮರಿಯ ಮೆದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಿ ಸಿರೋಟೋನಿನ್ ಏರ್ತದೆ, ಅಲ್ಲಿ 5-ಎಚ್‌ಟಿ7 ಅನ್ನೋ ಕಿವಿ ಕೇಳ್ತದೆ, ಅದು ಕೋಶದೊಳಗೆ ಒಂದು ಸರಪಳಿ ಎಳೆದು ಕಾರ್ಟಿಕೊಸ್ಟಿರೋನ್ ಹಿಡಿಯೋ ರಿಸೆಪ್ಟರಿನ ಜೀನನ್ನ ತೆರೆದು ಇಡ್ತದೆ. ಆ ಜೀನಿನ ಮೇಲಿನ ರಾಸಾಯನಿಕ ಗುರುತೇ ಬದಲಾಗಿ ಹೋಗ್ತದೆ ಅಂತ 2004ರಲ್ಲಿ ಬಂತು. ಆಗ ಹೇಳಿದ್ನಲ್ಲ, ಕಾರ್ಟಿಸೋಲ್ ಮೆದುಳಿಗೆ ಹೋಗಿ ಸಾಕು ನಿಲ್ಸಿ ಅಂತದೆ ಅಂತ, ಆ ಮಾತು ಕೇಳಿಸ್ಕೊಳ್ಳೋ ಕಿವಿ ಈ ಮರಿಗಳಲ್ಲಿ ಜಾಸ್ತಿ. ದೊಡ್ಡ ಇಲಿಯ ಪಿವಿಎನ್ನಿನಲ್ಲಿ ಸೈರನ್ ಒತ್ತಿದ ಸಿರೋಟೋನಿನ್, ಮರಿಯ ಹಿಪೊಕ್ಯಾಂಪಸ್ಸಿನಲ್ಲಿ ಜೀವಮಾನಕ್ಕಾಗೋ ಬ್ರೇಕು ಕಟ್ತಾ ಇದೆ.

ನಮ್ಮನೆ ಕೊಟ್ಟಿಗೆಯಲ್ಲಿ ಒಂದು ಆಕಳು, ದೊಡ್ಡಹಬ್ಬದ ರಾತ್ರಿ ಯಾರೋ ಪಟಾಕಿ ಸರ ಹಚ್ಚಿ ಕಣ್ಣಿ ಹರ್ಕೊಂಡು ಓಡಿತ್ತು. ಬೆಳಿಗ್ಗೆ ಗೋಪೂಜೆ ಹೊತ್ತಿಗೆ ಹಿಡ್ಕೊಂಡು ಬಂದ್ವಿ, ಮೈ ನಡುಗ್ತಿತ್ತು, ಹಾಲು ಕೊಡ್ಲಿಲ್ಲ. ನಾನು ಆಗ ಓದಿ ಬಂದ ಹೊಸದು, ಇಂಜೆಕ್ಷನ್ನು ಗಿಂಜೆಕ್ಷನ್ನು ಅಂತ ಹಾರಾಡ್ತಿದ್ದೆ. ಆಯಿ ಹೇಳಿದ್ಲು, "ಅಪ್ಪೀ, ಅದಕ್ಕೆ ಹೆದ್ರಿಕೆ ಆಜು ಅಷ್ಟೇಯ, ಕರಾನ ಹತ್ರ ಬಿಡು." ಕರ ಬಿಟ್ವಿ, ಆಕಳು ಅದನ್ನ ನೆಕ್ಕೋದಕ್ಕೆ ಶುರು ಮಾಡ್ತು, ಹತ್ತು ನಿಮಿಷದಲ್ಲಿ ತಾಯಿ ಉಸಿರು ಸಮ ಆಯ್ತು. ಇದನ್ನ ಮೀನಿಯವರ ಪ್ರಯೋಗಕ್ಕೆ ಸಾಕ್ಷಿ ಅಂತ ಹೇಳ್ತಿಲ್ಲ, ಅಲ್ಲಿ ಲೆಕ್ಕ ಹಾಕಿದ್ದು ನೆಕ್ಕಿಸ್ಕೊಂಡ ಮರಿದು, ಇಲ್ಲಿ ನೆಕ್ಕಿದ ತಾಯಿದು, ಇಲಿ ಬೇರೆ ದನ ಬೇರೆ. ನೆನಪಾಯ್ತು, ಹೇಳಿದೆ.

ಪ್ರಶ್ನೆಗಳು ಸುಮಾರು ಬಂದ್ವು. ಒಬ್ಬ ಹೆಂಗಸು, ಡಿಪ್ರೆಶನ್ ಮಾತ್ರೆ ತಗೊಳ್ಳೋರು ಮನೆಯಲ್ಲಿದ್ದಾರೆ, ಸಿರೋಟೋನಿನ್ ಸ್ಟ್ರೆಸ್ ಹಾರ್ಮೋನ್ ಏರಿಸ್ತದೆ ಅಂದ್ರೆ ಅದು ನಿಲ್ಲಿಸ್ಬೇಕಾ ಅಂತ ಕೇಳಿದ್ರು, ದನಿಯಲ್ಲಿ ಗಾಬರಿ ಇತ್ತು. ಖಂಡಿತ ನಿಲ್ಲಿಸ್ಬೇಡಿ. ಮೊದಲ ದಿನ ಆಗೋದು ಬೇರೆ, ಮೂರು ವಾರ ಆದ ಮೇಲೆ ಆಗೋದು ಬೇರೆ. ರಾಫೆಯ ಆ 1ಎ ಬ್ರೇಕು ಹೇಳಿದ್ನಲ್ಲ, ಮಾತ್ರೆ ದಿನಾ ತಗೊಳ್ತಾ ಹೋದ್ರೆ ಆ ಬ್ರೇಕು ನಿಧಾನಕ್ಕೆ ಸವೀತದೆ, ಮಾತ್ರೆ ಕೆಲಸ ಮಾಡೋದಕ್ಕೆ ವಾರಗಟ್ಟಲೆ ಬೇಕಾಗೋದಕ್ಕೆ ಕೊಡೋ ಕಾರಣಗಳಲ್ಲಿ ಇದೂ ಒಂದು. ಇಲಿ ಕತೆ ಕೇಳಿ ಮನುಷ್ಯರ ಮಾತ್ರೆ ಹೆಚ್ಚು ಕಮ್ಮಿ ಮಾಡೋದು ಬೇಡ, ಡಾಕ್ಟ್ರ ಹತ್ರ ಕೇಳಿ. ಇನ್ನೊಬ್ರು ನಾಯಿಗೆ ಪಟಾಕಿ ಹೆದರಿಕೆಗೆ ಇಂಥದ್ದೇ ಮಾತ್ರೆ ಇದೆಯಾ ಅಂದ್ರು. ಬಿಟ್ಟು ಹೋದ್ರೆ ಕಂಗಾಲಾಗೋ ನಾಯಿಗಳಿಗೆ ಫ್ಲುಯಾಕ್ಸೆಟಿನ್ ಕೊಡೋದಕ್ಕೆ ಅಮೆರಿಕದಲ್ಲಿ 2007ರಲ್ಲೇ ಒಪ್ಪಿಗೆ ಸಿಕ್ಕದೆ, ಆದ್ರೆ ಅದೂ ವಾರಗಟ್ಟಲೆ ಕೊಡೋ ಮಾತ್ರೆ, ದೀಪಾವಳಿ ಸಂಜೆ ಐದು ಗಂಟೆಗೆ ನೆನಪಾಗಿ ಕೊಟ್ರೆ ಎಂತದೂ ಆಗೋದಿಲ್ಲ.

ಕೊನೆಗೆ ಹಿಂದಿನ ಸಾಲಿಂದ ಮೀನು ಮಾರ್ಕೆಟ್ಟಿನ ಒಬ್ಬ ಹಿರಿ ಹೆಂಗಸು ಎದ್ರು. "ಮಾಸ್ತರ್ರೇ, ಕುರ್ಲಿಗೆ ಇದೆಲ್ಲ ಅದೆಯಾ?" ಅಂತ. ಏಡಿ. ನಾನು ಈ ಪ್ರಶ್ನೆಗೇ ಕಾಯ್ತಾ ಇದ್ದೆ, ಸ್ಲೈಡೂ ಇಟ್ಕೊಂಡಿದ್ದೆ. ಏಡಿಗೆ, ಸಿಗಡಿಗೆ ಕಾರ್ಟಿಸೋಲ್ ಇಲ್ಲ ಅಕ್ಕ, ಪಿಟ್ಯುಟರಿಯೂ ಇಲ್ಲ. ಆದ್ರೆ ಅದರ ಕಣ್ಣಿನ ದಂಟಿದೆಯಲ್ಲ, ಅದರೊಳಗೆ ಒಂದು ಗ್ರಂಥಿ, ಅಲ್ಲಿಂದ ಸಿಎಚ್‌ಎಚ್ ಅಂತ ಒಂದು ಹಾರ್ಮೋನು ಬರ್ತದೆ, ಕಷ್ಟ ಬಂದಾಗ ರಕ್ತಕ್ಕೆ ಸಕ್ಕರೆ ಏರಿಸೋ ಕೆಲಸ ಅದರದ್ದು. ಏಡಿಗೆ ಸಿರೋಟೋನಿನ್ ಚುಚ್ಚಿದ್ರೆ ಸಕ್ಕರೆ ಏರ್ತದೆ. ಕಣ್ಣು ದಂಟು ತೆಗೆದ ಏಡಿಗೆ ಚುಚ್ಚಿದ್ರೆ ಏರೋದಿಲ್ಲ. ಅಂದ್ರೆ ಇಲಿಯಲ್ಲಿ ಪಿವಿಎನ್ ಮಾಡಿದ ಕೆಲಸ ಇಲ್ಲಿ ಕಣ್ಣಿನ ದಂಟು ಮಾಡ್ತದೆ, ಸೀಟಿ ಮಾತ್ರ ಅದೇ. ಸಿಗಡಿ ಹ್ಯಾಚರಿಯಲ್ಲಿ ತಾಯಿ ಸಿಗಡಿಯ ಒಂದು ಕಣ್ಣು ಹಿಸುಕಿ ತೆಗೀತಾರಲ್ಲ ಬೇಗ ಮೊಟ್ಟೆ ಬರ್ಲಿ ಅಂತ, ಅದೂ ಇದೇ ದಂಟು, ಮೊಟ್ಟೆ ತಡೆಯೋ ಹಾರ್ಮೋನೂ ಅಲ್ಲೇ ಇರೋದು. ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಸಿಗಡಿ ಹಾಕಿದವರಿಗೆ ಇದು ಗೊತ್ತಿರ್ತದೆ.

ಇನ್ನು ಕ್ರೇಫಿಶ್ ಅಂತ, ಸಿಹಿನೀರಿನ ಸಣ್ಣ ಲಾಬ್‌ಸ್ಟರ್ ಹಾಂಗಿರೋದು. 2014ರಲ್ಲಿ ಫ್ರಾನ್ಸಿನವರು ಒಂದು ಪ್ಲಸ್ ಗುರುತಿನ ಆಕಾರದ ತೊಟ್ಟಿ ಮಾಡಿದ್ರು, ಎರಡು ಕೈ ಕತ್ತಲೆ, ಎರಡು ಕೈ ಬೆಳಕು. ಆರಾಮಿದ್ದ ಕ್ರೇಫಿಶ್ ಕತ್ತಲೆ ಇಷ್ಟಪಟ್ರೂ ಬೆಳಕಿನ ಕಡೆಗೂ ಹೋಗಿ ನೋಡ್ಕೊಂಡು ಬರ್ತಿತ್ತು. ಸಣ್ಣ ಕರೆಂಟು ಕೊಟ್ಟು ಹೆದರಿಸಿದ ಮೇಲೆ ಕತ್ತಲೆ ಬಿಟ್ಟು ಬರ್ಲೇ ಇಲ್ಲ, ಮೆದುಳಲ್ಲಿ ಸಿರೋಟೋನಿನ್ ಏರಿತ್ತು. ಹೆದರಿಸದ ಕ್ರೇಫಿಶ್ಶಿಗೆ ಬರೀ ಸಿರೋಟೋನಿನ್ ಚುಚ್ಚಿದ್ರೂ ಕತ್ತಲೆ ಸೇರ್ತು. ಮನುಷ್ಯರ ಆತಂಕಕ್ಕೆ ಕೊಡೋ ಹಳೇ ಮಾತ್ರೆ ಒಂದನ್ನ ಕೊಟ್ರೆ ಮತ್ತೆ ಬೆಳಕಿಗೆ ಬಂತು.

ನಾನು ಇಷ್ಟು ಹೇಳಿ ಸ್ಲೈಡ್ ಮುಂದೆ ಹಾಕೋ ಮೊದಲೇ ಆ ಹೆಂಗಸು ಪಕ್ಕದವರಿಗೆ ಕೇಳೋ ಹಾಂಗೆ ಅಂದ್ರು, "ಅದಕ್ಕೇ ನಾವು ಬುಟ್ಟಿ ಮೇಲೆ ಒದ್ದೆ ಗೋಣಿ ಹಾಕೋದು. ಗೋಣಿ ತೆಗದ್ರೆ ಒಂದರ ಕಾಲು ಒಂದು ಮುರ್ಕೊಳ್ತವೆ, ಕಾಲಿಲ್ಲದ ಕುರ್ಲಿ ಯಾರು ತಗೊಳ್ತಾರೆ." ಆಮೇಲೆ ನನ್ನ ಕಡೆ ತಿರುಗಿ, ಆ ಫ್ರಾನ್ಸಿನವರು ಕ್ರೇಫಿಶ್ ಕಿಲೋಗೆ ಎಷ್ಟಕ್ಕೆ ಮಾರ್ತಾರೆ ಅಂತ ಕೇಳಿದ್ರು.